ಪದಚರ್ಚೆ: ‘ಪಿತ್ತಜನಕಾಂಗ’ ಇರಲೇ? ಮಲಕ್ಕೂ ‘ವಿಸರ್ಜನೆ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಶಾಲೆಯ ಗೋಡೆಗೆ ಹಾಕುವ ಚಿತ್ರಪಟವೊಂದರ ಬರಹ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ವಿಷಯ, ದೇಹ ತ್ಯಾಜ್ಯವನ್ನು ಹೊರಹಾಕುವ ಬಗೆ. ಲಿವರ್‌ಗೆ ಕರಡಿನಲ್ಲಿ ‘ಪಿತ್ತಜನಕಾಂಗ’ ಎಂದಿದೆ. ಮೂತ್ರ, ಬೆವರು, ಮಲ ಮೂರಕ್ಕೂ ‘ವಿಸರ್ಜನೆ’ ಎಂದಿದೆ. ಪರಿಶೀಲಕರು ಮಲದ ಪಕ್ಕದಲ್ಲಿ ‘ಇದು ಬೇರೆ’ ಎಂದು ಗೀಚಿದ್ದಾರೆ, ಬದಲಿ ಪದ ಕೊಟ್ಟಿಲ್ಲ. ದಯವಿಟ್ಟು ಇಂದೇ ತಿಳಿಸಿ.

ಉತ್ತರ:
‘ಈಲಿ’ ಎಂದು ಬರೆಯಿರಿ. ಎರಡೇ ಅಕ್ಷರ, ತಮಿಳಿನ ‘ಈರಲ್’ನ ನೆಂಟ. ವಿಸರ್ಜನೆಯನ್ನು ಕೈಬಿಟ್ಟು ‘ಹೊರಹಾಕಿಕೆ’ ಎನ್ನಿ. ಮಕ್ಕಳ ಬಾಯಿಗೆ ಆರಕ್ಷರದ ಸಂಸ್ಕೃತ ಸಮಾಸ ತುರುಕುವುದು ಇನ್ನೂ ಎಷ್ಟು ಕಾಲ?

ಉತ್ತರ:
‘ಹೊರಹಾಕಿಕೆ’ಯಿಂದ ಕೇಳಿದವರ ತೊಡಕು ಬಿಡುವುದಿಲ್ಲ. ಮಲವನ್ನೂ ಹೊರಗೇ ಹಾಕುತ್ತೇವೆ. ಜೀವಕೋಶಗಳ ಕೆಲಸದಲ್ಲಿ ಹುಟ್ಟಿದ ತ್ಯಾಜ್ಯವನ್ನು ದೇಹ ಕಳೆದುಕೊಳ್ಳುವುದು ವಿಸರ್ಜನೆ. ಜೀರ್ಣವಾಗದ ನಾರು ರಕ್ತವನ್ನು ಸೇರಿದ್ದೇ ಇಲ್ಲ, ಕರುಳಿನೊಳಗೇ ಸಾಗಿ ಹೊರಬಿದ್ದಿದೆ. ಅದಕ್ಕೆ ‘ಮಲತ್ಯಾಗ’ ಎನ್ನಿ.

ಆದರೂ ಪರಿಶೀಲಕರ ಗೆರೆ ಅಷ್ಟು ನೇರವಲ್ಲ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅದು ಒಡೆದಾಗ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ತ್ಯಾಜ್ಯ ಹುಟ್ಟುತ್ತದೆ. ಯಕೃತ್ತು, ಅಂದರೆ ಲಿವರ್, ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸದೊಡನೆ ಕರುಳಿಗೆ ಬಿಡುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಮಾರ್ಪಡಿಸುತ್ತವೆ. ಮಲದ ಕಂದು ಬಣ್ಣ ಬರುವುದು ಇದರಿಂದಲೇ. ಪಿತ್ತನಾಳ ಕಟ್ಟಿಕೊಂಡರೆ ಮಲ ಬಿಳಿಚುತ್ತದೆ, ಕಣ್ಣು ಹಳದಿಯಾಗುತ್ತದೆ. ಅಂದರೆ ಮಲದ ನಾರು ವಿಸರ್ಜನೆಯಲ್ಲ, ಮಲದ ಬಣ್ಣ ಖಂಡಿತವಾಗಿಯೂ ವಿಸರ್ಜನೆ! ಇದನ್ನು ಪಟದಲ್ಲಿ ಒಂದು ಸಾಲಿನಲ್ಲಾದರೂ ಹೇಳಿ.

‘ಪಿತ್ತಜನಕಾಂಗ’ ಬೇಡ, ‘ಯಕೃತ್ತು’ ಎನ್ನಿ. ‘ಪಿತ್ತಜನಕಾಂಗ’ ಅಂಗದ ಒಂದೇ ಕೆಲಸವನ್ನು ಹೆಸರಾಗಿಸಿದೆ. ಪ್ರೋಟೀನ್ ಒಡೆದಾಗ ಬರುವ ವಿಷಕಾರಿ ಅಮೋನಿಯಾ ಯೂರಿಯಾ ಆಗುವುದೂ ಅಲ್ಲೇ. ವಿಜ್ಞಾನಿಗಳಾದ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಈ ಬದಲಾವಣೆಯ ಚಕ್ರವನ್ನು 1932ರಲ್ಲೇ ವಿವರಿಸಿದ್ದಾರೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ಮರಳಿ ಹೀರಿ, ಒಂದೂವರೆ ಲೀಟರಿನಷ್ಟು ಮೂತ್ರ ಕೊಡುತ್ತವೆ. ಅದರಲ್ಲಿರುವ ಯೂರಿಯಾವನ್ನು ತಯಾರಿಸಿದ್ದು ಯಕೃತ್ತು. ‘ಪಿತ್ತ’ ಎಂದು ಓದಿದ ಮಗುವಿಗೆ ಈ ಕೊಂಡಿ ಹೊಳೆಯುವುದು ಹೇಗೆ?

ಉತ್ತರ:
ಹಾಗಿದ್ದರೆ ‘ಈಲಿ’ ಏಕಾಗದು? ಅದರಲ್ಲೂ ಪಿತ್ತದ ಸುಳಿವಿಲ್ಲ. ಯಕೃತ್ತು ನಮ್ಮದಲ್ಲ.

ಉತ್ತರ:
ಯಕೃತ್, ಲ್ಯಾಟಿನ್ನಿನ ‘ಯೆಕುರ್’, ಗ್ರೀಕಿನ ‘ಹೇಪರ್’ ಒಂದೇ ಬೇರಿನವು. ಅಷ್ಟು ಹಳೆಯ ಪದ ಕನ್ನಡದ ತ್ತು-ಕಾರ ತೊಟ್ಟು ನಮ್ಮ ಪುಸ್ತಕಗಳಲ್ಲಿ ನೆಲೆಸಿದೆ. ಯೂರಿಯಾ, ಅಮೋನಿಯಾ ಎನ್ನುವಾಗ ಬಾರದ ಮಡಿ ಇಲ್ಲಿ ಮಾತ್ರ ಏಕೆ? ‘ಈಲಿ’ಯ ಮೇಲೆ ನನಗೆ ಹಗೆಯಿಲ್ಲ, ಆವರಣದಲ್ಲಿ ಹಾಕಲಿ. ಪಾಠದಲ್ಲಿ ಕಾಣದ ಪದವನ್ನು ಪಟದಲ್ಲಿ ಒಂಟಿಯಾಗಿ ನಿಲ್ಲಿಸಿದರೆ ತಡವರಿಸುವವರು ಮಕ್ಕಳು, ನಾವಲ್ಲ. ಅಚ್ಚಿಗೆ ಹೀಗೆ ಕಳುಹಿಸಿ: ಯಕೃತ್ತು (ಈಲಿ), ಮೂತ್ರಪಿಂಡ, ವಿಸರ್ಜನೆ, ಮಲತ್ಯಾಗ.