ಎಫೆಕ್ಟ್ಸ್ ಲೂಪ್‌ಗೆ ಪೆಡಲ್ ಹಾಕಿದರೆ ಗಿಟಾರ್ ದನಿ ಮಂಕಾಗುತ್ತದೆ, ಏನು ಮಾಡಲಿ?

ಪ್ರಶ್ನೆ (ಮಡಿಕೇರಿ):
40 ವ್ಯಾಟ್ ವಾಲ್ವ್ ಆಂಪ್, ಸೀರೀಸ್ ಲೂಪ್ (ಇಡೀ ಸಿಗ್ನಲ್ ಸೆಂಡ್ ಜ್ಯಾಕಿನಿಂದ ಹೊರಬಂದು, ಪೆಡಲ್ ದಾಟಿ, ರಿಟರ್ನ್ ಜ್ಯಾಕಿನಿಂದ ಆಂಪಿಗೆ ಮರಳುವಂಥದ್ದು). ಸೆಂಡ್–ರಿಟರ್ನ್ ನಡುವೆ ಕೋರಸ್, ಡಿಲೇ, ರಿವರ್ಬ್; ಮೂರೂ ಟ್ರೂ ಬೈಪಾಸ್ (ಆಫ್ ಇದ್ದಾಗ ಸಿಗ್ನಲ್ ಒಳಗಿನ ಸರ್ಕ್ಯೂಟ್ ಮುಟ್ಟದೆ ನೇರ ದಾಟುವಂಥವು). ಹೋಗಿಬರಲು 6 ಮೀಟರಿನ ಎರಡು ಕೇಬಲ್. ಪೆಡಲ್ ಎಲ್ಲ ಆಫ್ ಇದ್ದರೂ ದನಿಯಲ್ಲಿ ಹೊಳಪಿಲ್ಲ, ಬಾಗಿಲು ಹಾಕಿದ ಕೋಣೆಯಿಂದ ಕೇಳಿದ ಹಾಗೆ. ಕೇಬಲ್ ಕಿತ್ತರೆ ಸರಿ. ಆದರೆ ಮಳೆ ಹಿಡಿದ ಮೇಲೆ ಇನ್ನೊಂದು ಕಾಟ: ಲೂಪ್ ಖಾಲಿ ಇದ್ದಾಗಲೂ ಆಗಾಗ ಶಬ್ದ ಅರ್ಧಕ್ಕಿಳಿಯುತ್ತದೆ, ಆಂಪ್ ತಟ್ಟಿದರೆ ಮರಳುತ್ತದೆ. ವಾಲ್ವ್ ಬದಲಿಸಬೇಕಾ?

ಉತ್ತರ (ವಿರಾಜಪೇಟೆ):
ವಾಲ್ವ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಇವು ಎರಡು ಬೇರೆ ಬೇರೆ ತೊಂದರೆ. ಶಬ್ದ ಇಳಿಯುವುದಕ್ಕೆ ಮೊದಲ ಅನುಮಾನ ರಿಟರ್ನ್ ಜ್ಯಾಕ್ ಮೇಲೆ. ಪ್ಲಗ್ ಇಲ್ಲದಾಗ ಅದರೊಳಗಿನ ತೆಳು ಲೋಹದ ಪಟ್ಟಿ ಇನ್ನೊಂದಕ್ಕೆ ತಾಗಿಕೊಂಡು ಸಿಗ್ನಲ್ ದಾಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಆ ಪಟ್ಟಿಗೆ ಕಿಲುಬು ಹಿಡಿಯದೆ ಇರುತ್ತದಾ?

ಒಂದು ಗೇಣಿನ ಪ್ಯಾಚ್ ಕೇಬಲನ್ನು ಸೆಂಡ್‌ನಿಂದ ನೇರ ರಿಟರ್ನ್‌ಗೆ ಹಾಕಿ ನುಡಿಸಿ. ಶಬ್ದ ಅಲ್ಲಾಡದೆ ನಿಂತರೆ ತಪ್ಪು ಜ್ಯಾಕ್‌ನದ್ದೇ. ಆಂಪ್ ಆಫ್ ಮಾಡಿ, ವಯರ್ ಗೋಡೆಯಿಂದ ಕಿತ್ತು, ಪ್ಲಗ್ಗಿನ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು 15–20 ಸಲ ಹಾಕಿ ತೆಗೆಯಿರಿ. ಚೆನ್ನಾಗಿ ಆರಿದ ಮೇಲೆ ಆನ್ ಮಾಡಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದರ ಜಿಡ್ಡಿಗೆ ಧೂಳು ಕೂರುತ್ತದೆ. ಮತ್ತೆ ಮತ್ತೆ ಬಂದರೆ ಪಟ್ಟಿಯ ಬಿಗಿ ಹೋಗಿದೆ, ಜ್ಯಾಕ್ ಬದಲಿಸಬೇಕು. ಆ ಕೆಲಸ ವಾಲ್ವ್ ಆಂಪ್ ತಿಳಿದವರಿಗೇ ಕೊಡಿ. ಕರೆಂಟ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 400 ವೋಲ್ಟ್ ಉಳಿದಿರಬಹುದು, ಜೀವ ತೆಗೆಯುತ್ತದೆ.

ಉತ್ತರ (ಗೋಣಿಕೊಪ್ಪ):
ಮಂಕಿನ ವಿಷಯಕ್ಕೆ ಬರುತ್ತೇನೆ. ಗಿಟಾರ್ ಕೇಬಲ್‌ನ ಕೆಪಾಸಿಟೆನ್ಸ್ (ಮೇಲಿನ ಸ್ವರ ನುಂಗುವ ಗುಣ) ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಟ್ರೂ ಬೈಪಾಸ್ ಪೆಡಲ್ ಆಫ್ ಇದ್ದರೆ ಬರೀ ತಂತಿ, ಹಾಗಾಗಿ ಸೆಂಡ್‌ಗೆ 12 ಮೀಟರೂ ಒಂದೇ ಹೊರೆ: 1200 ಪಿಕೋಫ್ಯಾರಡ್. ಬಫರ್ (ಉದ್ದ ಕೇಬಲಿನಲ್ಲೂ ಸಿಗ್ನಲ್ ಸೊರಗದಂತೆ ತಳ್ಳುವ ಸಣ್ಣ ಸರ್ಕ್ಯೂಟ್) ಇಲ್ಲದ ಲೂಪ್‌ನಲ್ಲಿ ಸೆಂಡ್‌ನ ಇಂಪೀಡೆನ್ಸ್ (ಸಿಗ್ನಲ್ ಹೊರಬರಲು ಇರುವ ತಡೆ) 100 ಕಿಲೋಓಮ್ ಇದ್ದರೆ 1.3 ಕಿಲೋಹರ್ಟ್ಸ್‌ನಿಂದಲೇ ಮೇಲಿನ ಸ್ವರ ಕರಗುತ್ತದೆ. ಅದೇ 1 ಕಿಲೋಓಮ್ ಆದರೆ 130 ಕಿಲೋಹರ್ಟ್ಸ್, ಕಿವಿಗೆ ಗೊತ್ತೇ ಆಗದು. ಟ್ರೆಬಲ್ ತಿರುಗಿಸಿದರೆ ಹೋದದ್ದು ಹಾಗೆಯೇ ವಾಪಸ್ ಬರುವುದಿಲ್ಲ, ಸುಯ್ ಎನ್ನುವ ಶಬ್ದ ಜಾಸ್ತಿಯಾಗುತ್ತದೆ ಅಷ್ಟೆ.

ಬಫರ್ ಹಾಕಿ. ಎಲ್ಲರೂ ಎಡವುವುದು ಇಲ್ಲೇ: ಪೆಡಲ್ ಬೋರ್ಡಿನ ಮೇಲೆ ಇಡುತ್ತಾರೆ. ಅಷ್ಟರೊಳಗೆ ಸಿಗ್ನಲ್ 6 ಮೀಟರ್ ದಾಟಿ ಸೊರಗಿರುತ್ತದೆ. ಆಂಪ್ ತಲೆಯ ಮೇಲೇ ಇಟ್ಟು, ಸೆಂಡ್‌ನಿಂದ 30 ಸೆಂಟಿಮೀಟರ್ ಪ್ಯಾಚ್ ಕೊಡಿ.

ಪ್ರಶ್ನೆ ಕೇಳಿದವರು:
ಪ್ಯಾಚ್ ಹಾಕಿದಾಗ ಶಬ್ದ ಇಳಿಯದೆ ಒಂದೇ ಸಮ ನಿಂತಿತು. ವಿರಾಜಪೇಟೆಯವರಿಗೆ ಥ್ಯಾಂಕ್ಸ್. ವಾಪಸ್ ಬರುವ ಕೇಬಲ್‌ಗೂ ಬಫರ್ ಬೇಕಾ?

ಉತ್ತರ (ಗೋಣಿಕೊಪ್ಪ):
ಬೇಡ. ಪೆಡಲ್ ಆಫ್ ಇದ್ದಾಗ ನಿಮ್ಮ ಬಫರೇ 12 ಮೀಟರನ್ನೂ ಎಳೆಯುತ್ತದೆ; ಆನ್ ಇದ್ದಾಗ ಆ ಪೆಡಲ್ಲಿನ ಔಟ್‌ಪುಟ್ಟೇ ಮುಂದಕ್ಕೆ ತಳ್ಳುತ್ತದೆ. ನೋಡಬೇಕಾದ್ದು ಲೆವೆಲ್. ಜೋರಾಗಿ ಹೊಡೆದಾಗ ದನಿ ಒಡೆದರೆ 9 ವೋಲ್ಟ್ ಬಫರ್‌ಗೆ ಸೆಂಡ್ ಹೆಚ್ಚಾಗಿದೆ ಅಂತ. ಸೆಂಡ್ ನಾಬ್ ಇಳಿಸಿ, ರಿಟರ್ನ್ ಏರಿಸಿ. ನಾಬ್ ಇಲ್ಲದಿದ್ದರೆ 18 ವೋಲ್ಟ್ ತಡೆಯುವ ಬಫರನ್ನೇ ಕೊಳ್ಳಿ. ಪೆಟ್ಟಿಗೆಯ ಮೇಲೆ ಬರೆದಿಲ್ಲದಿದ್ದರೆ 18 ಕೊಡಬೇಡಿ, ಸುಟ್ಟುಹೋದೀತು.