ಪದಚರ್ಚೆ: ಚೀನಾದ ‘ಲಿಜಿನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ತೈಪಿಂಗ್ ದಂಗೆಯ ಕಾಲದ ವ್ಯಾಪಾರವನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. 1851ರಲ್ಲಿ ದಕ್ಷಿಣದ ಗುವಾಂಗ್ಶಿ ಪ್ರಾಂತ್ಯದಲ್ಲಿ ಎದ್ದ ಬಂಡಾಯಗಾರರು 1853ರಲ್ಲಿ ನಾನ್‌ಜಿಂಗ್ ನಗರವನ್ನು ಹಿಡಿದರು. ಅವರನ್ನು ಅಡಗಿಸುವ ಸೈನ್ಯದ ಖರ್ಚಿಗೆಂದು ಅದೇ ವರ್ಷ ಯಾಂಗ್‌ಝೌ ಬಳಿ ‘ಲಿಜಿನ್’ ಎಂಬ ವಸೂಲಿ ಮೊದಲಾಗಿ, ಮುಂದೆ ಇತರ ಪ್ರಾಂತ್ಯಗಳಿಗೂ ಹರಡಿತು. ನದಿ ಮತ್ತು ಹೆದ್ದಾರಿಗಳಲ್ಲಿ ವಸೂಲಿಯ ಕಟ್ಟೆ ಹಾಕಿ, ಸಾಗುವ ಸರಕಿನ ಮೇಲೆ ಪಡೆಯುತ್ತಿದ್ದ ಹಣವದು. ‘ಆಂತರಿಕ ಸರಕು ಸಾಗಣೆ ತೆರಿಗೆ’ ಎಂದು ಬರೆದಿದ್ದೇನೆ; ಪುಟಪುಟಕ್ಕೂ ಬರುವುದರಿಂದ ಓದು ತೊಡರುತ್ತಿದೆ. ಅಡಕವಾದ ಪದವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ

‘ಹೆಜ್ಜುಂಕ’ ಎನ್ನಿ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ನಮ್ಮ ಶಾಸನಗಳು ಸುಂಕಗಳನ್ನು ಒಟ್ಟೊಟ್ಟಿಗೆ ಹೇಳುತ್ತವೆ. ಪಿರಿದಾದ ಸುಂಕವೇ ಪೆರ್ಜುಂಕ, ಅದೇ ಹೆಜ್ಜುಂಕ. ಇಷ್ಟೆಲ್ಲ ಇರುವಾಗ ಚೀನೀ ಪದವನ್ನು ಹಾಗೆಯೇ ಇಳಿಸುವುದು ಬರಿಯ ಸೋಮಾರಿತನ. ‘ಆಂತರಿಕ ಸರಕು ಸಾಗಣೆ ತೆರಿಗೆ’ ಎಂಬುದು ಕಚೇರಿಯ ಸುತ್ತೋಲೆಗೆ ಮಾತ್ರ ಸಲ್ಲುತ್ತದೆ.

ಮತ್ತೊಂದು ಉತ್ತರ

ಹೆಜ್ಜುಂಕ ಇಲ್ಲಿ ಸಲ್ಲದು. ಲಿಜಿನ್‌ನ ‘ಲಿ’ ಎಂದರೆ ಒಂದು ಲಿಯಾಂಗ್ (ಚೀನೀ ತೂಕದ ಅಳತೆ) ಬೆಳ್ಳಿಯ ಸಾವಿರದಲ್ಲೊಂದು ಪಾಲು. ಕಿರಿದೆಂದು ಹೆಸರಿನಲ್ಲೇ ಸಾರಿಕೊಂಡದ್ದನ್ನು ‘ಪಿರಿದು’ ಎನ್ನುವುದು ಯಾವ ನ್ಯಾಯ? ಅದು ವ್ಯಾಪಾರವನ್ನು ಹಿಂಡಿದ್ದು ಒಂದು ಕಟ್ಟೆಯ ದರದಿಂದಲ್ಲ, ಅದೇ ಸರಕು ದಾರಿಯುದ್ದಕ್ಕೂ ಕಟ್ಟೆಯಿಂದ ಕಟ್ಟೆಗೆ ಮತ್ತೆ ಮತ್ತೆ ತೆರಬೇಕಾಗಿದ್ದರಿಂದ. 1858ರ ಟಿಯಾನ್‌ಜಿನ್ ಒಪ್ಪಂದದ ಮೇಲೆ ವಿದೇಶಿ ವರ್ತಕರು ನೂರಕ್ಕೆ ಎರಡೂವರೆಯಂತೆ ಒಮ್ಮೆಗೇ ಕಟ್ಟಿ ಈ ಕಟ್ಟೆಗಳನ್ನು ದಾಟಬಹುದಾಯಿತು; ಆ ಅನುಕೂಲ ಚೀನೀ ವರ್ತಕರಿಗಿರಲಿಲ್ಲ. ದಂಗೆ 1864ರಲ್ಲಿ ಅಡಗಿದರೂ, ಕೈಗೆ ಬಂದ ಆದಾಯವನ್ನು ಪ್ರಾಂತ್ಯಗಳು ಬಿಡದ ಕಾರಣ ವಸೂಲಿ 1931ರವರೆಗೆ ನಡೆಯಿತು. ಹೀಗಾಗಿ ಬಂದರಿನ ಸುಂಕ ಬೇರೆ, ಇದು ಬೇರೆ ಎಂಬುದು ಪದದಲ್ಲೇ ಕಾಣಬೇಕು. ಹಳೆಯ ಮೈಸೂರಿನ ಕಾಗದಪತ್ರಗಳಲ್ಲಿ ಒಳನಾಡಿನ ಸರಕಿನ ಸುಂಕಕ್ಕಿದ್ದ ‘ಸಾಯರ್’ ಎಂಬ ಹೆಸರು ಇದಕ್ಕೆ ತೀರ ಹತ್ತಿರದ್ದು.

ಉತ್ತರ

ಸಾಯರ್ ಅರಬ್ಬಿಯದು. ಒಪ್ಪಲಾರೆ.

ಮತ್ತೊಂದು ಉತ್ತರ

ತಮ್ಮ ‘ಸುಂಕ’ವೂ ಸಂಸ್ಕೃತದ ಶುಲ್ಕ ಪ್ರಾಕೃತದ ಮೂಲಕ ಬಂದದ್ದೇ. ಆ ಎರವಲು ಹಳೆಯದೆಂಬ ಕಾರಣಕ್ಕೆ ಅಚ್ಚಗನ್ನಡವಾಗಿ, ಇನ್ನೂರು ವರ್ಷ ಕನ್ನಡ ಲೆಕ್ಕಪತ್ರಗಳಲ್ಲಿ ಬಳಸಿದ್ದು ಪರಕೀಯವಾಗುವುದಾದರೆ ಅದು ಭಾಷಾನಿಷ್ಠೆಯಲ್ಲ, ಮರೆವು. ಆದರೂ ಇಂದಿನ ಓದುಗರಿಗೆ ಸಾಯರ್ ತಿಳಿಯದು ಎನ್ನುವುದಾದರೆ ‘ಕಟ್ಟೆಸುಂಕ’ ಎನ್ನಬಹುದು. ಬೆಂಗಳೂರಿನ ಸುಂಕದಕಟ್ಟೆಯ ಹೆಸರು ಕೇಳಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಕಟ್ಟೆಸುಂಕವನ್ನೇ ಇಟ್ಟುಕೊಳ್ಳುತ್ತೇನೆ, ಮೊದಲ ಸಲ ಬರುವಲ್ಲಿ ಮಾತ್ರ ಲಿಜಿನ್ ಎಂಬ ಮೂಲಪದವೂ ಜೊತೆಗಿರುತ್ತದೆ. ವಾಕ್ಯವೀಗ ಹೀಗಿದೆ: “ಕಾಳಗದಿಂದ ಶಾಂಘೈ ದಾರಿ ಕಟ್ಟಿಹೋದಾಗ ವುಯಿ ಬೆಟ್ಟಗಳ ಚಹಾ ಮಿನ್ ನದಿಯಲ್ಲಿ ಫುಝೌ ಬಂದರಿಗೆ ಇಳಿಯತೊಡಗಿತು; ಮುಂದೆ ಒಳನಾಡಿನ ದಾರಿಗಳಲ್ಲೆಲ್ಲ ಕಟ್ಟೆಸುಂಕ ಬಂದು ಕುಳಿತಿತು.” ತಿದ್ದುವುದಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕಾಗಿ ವಿನಂತಿ.