ಸಹಾಯ ಬೇಕು: ತೊನ್ನಿಗೆ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಎಡಹುಬ್ಬಿನಿಂದ ಕೆನ್ನೆವರೆಗೆ ತೊನ್ನು ಇದೆ, ಒಂದೇ ಬದಿಗೆ. ಹುಬ್ಬಿನ ಕೂದಲೂ ಅಷ್ಟಗಲ ಬೆಳ್ಳಗಾಗಿದೆ. ವರ್ಷದ ಮೇಲಾಯ್ತು, ಕಲೆ ದೊಡ್ಡದಾಗಿಲ್ಲ, ಹೊಸದೂ ಬಂದಿಲ್ಲ. ಮುಲಾಮು, ಲೈಟ್ ಟ್ರೀಟ್‌ಮೆಂಟ್ ಎರಡರಿಂದಲೂ ಅಷ್ಟೇನೂ ಗುಣ ಕಾಣಲಿಲ್ಲ. ಕೂದಲೇ ಬೆಳ್ಳಗಾದ ಜಾಗದಲ್ಲಿ ಬಣ್ಣ ಮರಳೋದು ಕಷ್ಟ ಅಂದ್ರು ಡಾಕ್ಟ್ರು.

ಈಗ ಸೆಲ್ ಸಸ್ಪೆನ್ಷನ್ ಅನ್ನೋ ಥರದ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡೋಣ ಅಂತಿದ್ದಾರೆ. ತೊಡೆಯಿಂದ ತೆಳುವಾಗಿ ಚರ್ಮ ತೆಗೆದು, ಟ್ರಿಪ್ಸಿನ್ ಅನ್ನೋ ಕಿಣ್ವದಲ್ಲಿಟ್ಟು ಜೀವಕೋಶ ಬಿಡಿಸಿ, ಕಲೆಯ ಮೇಲ್ಪದರ ಉಜ್ಜಿ ಅಲ್ಲಿ ಹಚ್ಚಿ, ಸುಮಾರು ಒಂದು ವಾರ ಡ್ರೆಸ್ಸಿಂಗ್. ತೆಗೆದ ಚರ್ಮದ 5ರಿಂದ 10 ಪಟ್ಟು ಜಾಗಕ್ಕೆ ಸಾಕಾಗುತ್ತಂತೆ.

ಮುಖಕ್ಕೆ ಮಾಡಿಸಿಕೊಂಡವರು ದಯವಿಟ್ಟು ಹೇಳಿ: ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳೋಕೆ ಎಷ್ಟು ತಿಂಗಳು ಬೇಕಾಯ್ತು? ಅಂಚಿನಲ್ಲಿ ಬಿಳಿ ಗೆರೆ ಉಳೀತಾ? ಹುಬ್ಬಿನ ಕೂದಲು ಕಪ್ಪಾಯ್ತಾ? ಬೆಂಗಳೂರು, ಮಣಿಪಾಲ, ಹುಬ್ಬಳ್ಳಿ ಕಡೆ ಖರ್ಚು ಎಷ್ಟಾಯ್ತು, ಇನ್ಶೂರೆನ್ಸ್ ಕೊಟ್ರಾ?

ಬಾಕುಚಿ ಎಣ್ಣೆ ಹಚ್ಚಿ ಅಂತ ಮಾತ್ರ ಹೇಳಬೇಡಿ, ಬಿಸಿಲು ಬಿದ್ರೆ ಚರ್ಮ ಸುಟ್ಟು ಗುಳ್ಳೆ ಏಳುತ್ತೆ. ಇನ್ನೊಂದು ಮಾತು, ಇದು ಮದುವೆಗೋಸ್ಕರ ಅಲ್ಲ. ಅವಳೇ ಯೋಚಿಸಿ ಬೇಕು ಅಂದಿರೋದು. ಇಲ್ಲಿ ಬರೆಯೋಕೆ ಮುಜುಗರ ಆದ್ರೆ ಇನ್‌ಬಾಕ್ಸ್‌ಗೆ ಬರೆಯಿರಿ.